ಓದುಗರ ಪ್ರಶ್ನೆ: ‘ಕೋಲ್ಡ್’ ಎಂದರೆ ಚಳಿಯೋ, ತಣ್ಣಗೋ?

ಪ್ರಶ್ನೆ: ನರ್ಸಿಂಗ್ ಮುಗಿಸಿದ್ದೇನೆ. ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವ ಆಸೆಯಿಂದ ಜಪಾನಿ ಭಾಷೆಯ ಎನ್4 ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಪ್ರತಿ ಜಪಾನಿ ಪದಕ್ಕೂ ಇಂಗ್ಲಿಷ್ ಅರ್ಥ ಕೊಟ್ಟಿದ್ದಾರೆ. ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡಿದರೂ ಮಾತಿಗೆ ನಿಂತಾಗ ಒಂದರ ಬದಲು ಇನ್ನೊಂದು ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತೊಡಕಾಯಿತೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಖಂಡಿತ ಇಲ್ಲ. ತೊಡಕು ನಡುವೆ ನಿಂತಿರುವ ಇಂಗ್ಲಿಷಿನದು.

‘ಸಮುಯಿ’, ‘ತ್ಸುಮೆತಾಯಿ’ ಎರಡಕ್ಕೂ ನಿಮ್ಮ ಆ್ಯಪ್ ‘ಕೋಲ್ಡ್’ ಎಂದೇ ಹೇಳುತ್ತದೆ. ಆದರೆ ಸಮುಯಿ ಎಂದರೆ ಚಳಿ. ತ್ಸುಮೆತಾಯಿ ಎಂದರೆ ಮುಟ್ಟಿದ್ದು ತಣ್ಣಗಿದೆ ಎಂದು. ಹಾಸಿಗೆ ಹಿಡಿದ ಅಜ್ಜಿ ಸಮುಯಿ ಎಂದರೆ ಹೊದಿಕೆ ಹೊದೆಸಬೇಕು, ತ್ಸುಮೆತಾಯಿ ಎಂದರೆ ಮೈ ಒರೆಸುವ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ತರಬೇಕು. ಕನ್ನಡದವರಿಗೆ ಇದನ್ನು ಕಲಿಸಬೇಕೇ?

ನಾನು ನಾಲ್ಕು ವರ್ಷ ನಾಗೋಯಾದಲ್ಲಿದ್ದು ಬಂದವಳು, ಈಗ ಮಂಗಳೂರಿನ ಬಿಜೈಯ ಮನೆಯಲ್ಲಿ ಸಂಜೆ ಜಪಾನಿ ಪಾಠ ಹೇಳುತ್ತೇನೆ. ಹೋದ ಹೊಸದರಲ್ಲಿ ಬೂಟಿನ ಅಂಗಡಿಯಲ್ಲಿ ‘ಕಿರು’ ಎಂಬ ಕ್ರಿಯಾಪದ ಬಳಸಿದೆ. ಅದು ಅಂಗಿಗೆ ಸಲ್ಲುವ ಮಾತು. ಬೂಟು, ಪ್ಯಾಂಟು, ಕಾಲುಚೀಲಕ್ಕೆ ‘ಹಕು’, ಟೋಪಿಗೆ ‘ಕಬುರು’, ಕನ್ನಡಕಕ್ಕೆ ‘ಕಕೆರು’. ಇಂಗ್ಲಿಷಿನ ‘ವೇರ್’ ಇಷ್ಟನ್ನೂ ಒಂದೇ ಚೀಲಕ್ಕೆ ತುಂಬಿತ್ತು. ಅಂಗಡಿಯಾಕೆ ಮೆಲ್ಲನೆ ತಿದ್ದಿದ ದಿನ ರಾತ್ರಿ ನನಗೆ ಹೊಳೆದದ್ದು: ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಶಂಕರಪುರ ಮಲ್ಲಿಗೆ ಮುಡಿಯುತ್ತೇವೆ. ಗೆರೆಗಳು ಬೇರೆ ಕಡೆ ಬಿದ್ದಿರಬಹುದು, ಹೀಗೆ ಗೆರೆ ಎಳೆಯುವ ಅಭ್ಯಾಸ ನಮ್ಮದೂ ಹೌದು.

ಇಂಗ್ಲಿಷ್ ‘ಬ್ರದರ್’, ‘ರೈಸ್’, ‘ಡ್ರೈ’ ಎಂದು ಒಂದೊಂದೇ ಪದದಲ್ಲಿ ಮುಗಿಸುವ ಕಡೆ ಜಪಾನಿಯಲ್ಲೂ ನಮ್ಮಂತೆ ಬೇರೆ ಬೇರೆ ಪದಗಳಿವೆ. ಅಣ್ಣ ‘ಅನಿ’, ತಮ್ಮ ‘ಒತೋತೊ’. ಭತ್ತ ‘ಮೊಮಿ’, ಅಕ್ಕಿ ‘ಕೊಮೆ’, ಅನ್ನ ‘ಗೊಹಾನ್’. ಒಣಗುವುದು ‘ಕವಕು’, ಒಣಗಿಸುವುದು ‘ಕವಕಾಸು’.

ಇಂಗ್ಲಿಷ್ ಅರ್ಥವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. 1867ರಲ್ಲಿ ಅಮೆರಿಕದ ಮಿಷನರಿ ವೈದ್ಯ ಹೆಪ್ಬರ್ನ್ ಜಪಾನಿ–ಇಂಗ್ಲಿಷ್ ನಿಘಂಟು ತಂದರು. 1894ರಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ನಮ್ಮ ಮಂಗಳೂರಿನಿಂದಲೇ ಹೊರಬಂತು. ಎರಡರ ಮೇಲೂ ನನಗೆ ಅಪಾರ ಗೌರವ. ನಿಘಂಟಿನಲ್ಲಿ ಇಂಗ್ಲಿಷಿನಲ್ಲೇ ಹುಡುಕಿ, ನೋಟ್‌ಪುಸ್ತಕದಲ್ಲಿ ಮಾತ್ರ ಕನ್ನಡದಲ್ಲಿ ಬರೆಯಿರಿ. ಒಂಟಿ ಪದ ಬೇಡ, ಪುಟ್ಟ ವಾಕ್ಯ ಇರಲಿ. ಏಕೆಂದರೆ ಕನ್ನಡವೂ ಕೈಕೊಡುವ ಜಾಗಗಳಿವೆ. ನಾನು ಇನ್ನೊಬ್ಬರಿಗೆ ಕೊಟ್ಟರೆ ‘ಅಗೆರು’, ಇನ್ನೊಬ್ಬರು ನನಗೆ ಕೊಟ್ಟರೆ ‘ಕುರೆರು’. ನಮಗೆ ಎರಡೂ ‘ಕೊಡು’. ‘ಅಜ್ಜಿ ನನಗೆ ಪೆಪ್ಪರಮಿಂಟು ಕೊಟ್ಟರು’ ಎಂದು ಬರೆದುಕೊಂಡರೆ ಕುರೆರು ತನ್ನ ಜಾಗದಲ್ಲಿ ಕೂರುತ್ತದೆ.

ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ನೋವಿನ ಮಾತು. ಜಪಾನಿನ ಹಿರಿಯರು ನೋವನ್ನು ಜೋಡಿ ಸದ್ದುಗಳಲ್ಲಿ ಹೇಳುತ್ತಾರೆ. ತರಚಿದ ಚರ್ಮ ಉರಿದರೆ ‘ಹಿರಿಹಿರಿ’, ಅದು ನಮ್ಮ ಚುರುಚುರು. ಸೂಜಿ ಚುಚ್ಚಿದಂತಾದರೆ ‘ಚಿಕುಚಿಕು’. ನಾಡಿ ಬಡಿದಂತೆ ಹಲ್ಲು ಸಿಡಿದರೆ ‘ಜುಕಿಜುಕಿ’. ಇಂಗ್ಲಿಷ್ ವಿವರಣೆ ಓದಿ ಇವನ್ನು ನೆನಪಿಡುವುದು ಬಹಳ ಕಷ್ಟ. ಈ ವಾರ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು, ಅವರು ಮಂಡಿನೋವನ್ನೂ ಹೊಟ್ಟೆನೋವನ್ನೂ ಯಾವ ಮಾತಿನಲ್ಲಿ ಹೇಳುತ್ತಾರೋ ಹಾಗೆಯೇ ಬರೆದುಕೊಳ್ಳಿ. ಪಕ್ಕದ ಜಾಗ ಜಪಾನಿ ಪದಕ್ಕಾಗಿ ಖಾಲಿ ಇರಲಿ.