ಸೈಕಲ್ ಬಿಟ್ಟು ಎಷ್ಟೋ ವರ್ಷವಾಗಿದೆ, ಗೆಳತಿಯರ ಜೊತೆ ಚಾರಿಟಿ ರೈಡಿಗೆ ಹೋಗಬಹುದಾ?

ನೀವು ಕೇಳಿದ್ದು ಎರಡು ವಿಷಯ. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟದವರು ಶಿವಮೊಗ್ಗದಲ್ಲಿ ಹೆಂಗಸರ ಚಾರಿಟಿ ರೈಡಿಗೆ ಹೆಸರು ಕೊಟ್ಟರೆ 30 ಕಿಲೋಮೀಟರ್ ಹೊಡೆಯಲು ಆಗುತ್ತದಾ, ಅದಕ್ಕೆ ಗೇರ್ ಸೈಕಲ್ ಬೇಕಾ. ಆಗುತ್ತದೆ. ಗೇರ್ ಬೇಡ. ಆದರೆ ನೀವು ಕೇಳದೇ ಬಿಟ್ಟ ವಿಷಯ ಇನ್ನೊಂದಿದೆ. ಚಾರಿಟಿ ರೈಡ್ ಅಂದರೆ ದಾನಕ್ಕೆ ಹಣ ಎತ್ತುವ ರೈಡ್, ಅಂದರೆ ಜನರ ಹತ್ತಿರ ದುಡ್ಡು ಕೇಳುವುದು. ನಮಗೆಲ್ಲ ಬೆವರು ಬಂದಿದ್ದು ಅಲ್ಲೇ.

ಮೊದಲು ಸೈಕಲ್ ವಿಷಯ ಮುಗಿಸುತ್ತೇನೆ. ನಾವು ಗೆಳತಿಯರು ಹೋಗಿದ್ದು ಸಕ್ರೆಬೈಲಿನ ರೂಟಿಗೆ. ಊರಿಂದ ತೀರ್ಥಹಳ್ಳಿ ರಸ್ತೆ ಹಿಡಿದು, ಗಾಜನೂರು ಡ್ಯಾಮ್ ದಾಟಿ, ಆನೆ ಬಿಡಾರದವರೆಗೆ ಹೋಗಿ ವಾಪಸ್. ಒಂದು ಕಡೆಗೆ ಹೆಚ್ಚುಕಮ್ಮಿ 14 ಕಿಲೋಮೀಟರ್. ತುಂಗೆ ಪಕ್ಕದಲ್ಲೇ ಇರುತ್ತಾಳೆ, ಘಾಟಿ ಇಲ್ಲ, ಸಣ್ಣಪುಟ್ಟ ಏರಿಳಿತ ಅಷ್ಟೇ. ಯಾರಾದರೂ ಉತ್ಸಾಹದಲ್ಲಿ ಆಗುಂಬೆ ಅಂದರೆ ಮೊದಲ ಸಲವೇ ಒಪ್ಪಬೇಡಿ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಹತ್ತುವುದಕ್ಕಿಂತ ಇಳಿಯುವುದೇ ಭಯ.

ನಮ್ಮ ಗುಂಪಿನಲ್ಲಿದ್ದ ಸೈಕಲ್‌ಗಳನ್ನು ನೋಡಿದ್ದರೆ ನಿಮಗೆ ಧೈರ್ಯ ಬರುತ್ತಿತ್ತು. ಒಬ್ಬಳದು ಮಗಳ ಗುಲಾಬಿ ಬಣ್ಣದ ಬುಟ್ಟಿ ಸೈಕಲ್. ಇನ್ನೊಬ್ಬಳದು ತಮ್ಮನಿಂದ ಕಿತ್ತುಕೊಂಡು ಬಂದಿದ್ದು. ರಿಪ್ಪನ್‌ಪೇಟೆ ಕಡೆಯ ಗೆಳತಿಯೊಬ್ಬಳು ಸಾದಾ ಲೇಡಿಸ್ ಸೈಕಲ್ ತಂದಿದ್ದಳು. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತಲ್ವಾ, ಇವಳು ಅದರ ಮೊದಮೊದಲ ವರ್ಷಗಳಲ್ಲಿ ಸೈಕಲ್ ಸಿಕ್ಕಿದ ಹುಡುಗಿ. ಹಳ್ಳಿಯಿಂದ ಹೈಸ್ಕೂಲಿಗೆ ದಿನಾ ಅದರಲ್ಲೇ ಹೋಗಿ ಬಂದವಳು. ತಲೆ ಮರೆತಿದ್ದರೂ ಕಾಲು ಮರೆತಿರಲಿಲ್ಲ. ಹೊಸ ಗೇರ್ ಸೈಕಲ್, ಕನ್ನಡಕ, ಗ್ಲೌಸ್ ಅಂತ ಸಜ್ಜಾಗಿ ಬಂದವರನ್ನು ಗಾಜನೂರಿಗೆ ಮುಂಚೆಯೇ ಹಿಂದೆ ಹಾಕಿ ಹೋದಳು.

ಸೈಕಲ್ ಯಾವುದಾದರೂ ಇರಲಿ, ಸೀಟಿನ ಎತ್ತರ ಮಾತ್ರ ಸರಿ ಇರಬೇಕು. ಪೆಡಲ್ ಪೂರ್ತಿ ಕೆಳಗೆ ಹೋದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಬಹಳ ಹೆಂಗಸರು ಎರಡೂ ಕಾಲು ನೆಲಕ್ಕೆ ಸಿಗಲಿ ಅಂತ ಸೀಟು ತೀರಾ ಕೆಳಗೆ ಇಟ್ಟುಕೊಳ್ಳುತ್ತಾರೆ, ಹತ್ತು ಕಿಲೋಮೀಟರಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಆಮೇಲೆ ವಯಸ್ಸಾಯಿತು ಅಂತ ವಯಸ್ಸಿನ ಮೇಲೆ ಹಾಕುತ್ತಾರೆ. ಗಾಳಿ ಎಷ್ಟು ಹಾಕಿಸಬೇಕು ಅನ್ನುವುದು ಟಯರ್ ಪಕ್ಕದಲ್ಲೇ ಬರೆದಿರುತ್ತದೆ. ದುಪಟ್ಟಾ ಬೇಡ, ಅಗಲದ ಪ್ಯಾಂಟ್ ಚೈನಿಗೆ ಸಿಗುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ತಗೊಂಡರೆ ಅದರ ಒಳಗೆ ಬೇರೇನೂ ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆದೆ. ಬೇಕಿದ್ದರೆ ಅದರ ಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ, ನಾವೂ ಹಾಗೇ ಮಾಡಿದ್ದು.

ಹೆಸರು ಕೊಡುವ ಮೊದಲು ಆಯೋಜಕರ ಹತ್ತಿರ ದಾರಿಯಲ್ಲಿ ಟಾಯ್ಲೆಟ್ ಎಲ್ಲೆಲ್ಲಿ ಅಂತ ಕೇಳಿ. ನಾಚಿಕೆ ಬೇಡ. ಅದಕ್ಕೆ ಸರಿಯಾದ ಉತ್ತರ ಇಲ್ಲದವರು ಹೆಂಗಸರ ರೈಡ್ ಅಂತ ಬ್ಯಾನರ್ ಯಾಕಾದರೂ ಹಾಕುತ್ತಾರೋ. ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯದೇ ಸೈಕಲ್ ಹೊಡೆದು ತಲೆ ಸುತ್ತಿ ಕೂತವರನ್ನು ನೋಡಿದ್ದೇನೆ. ರೈಡ್ ಯಾವ ತಿಂಗಳಲ್ಲಿ ಅಂತಲೂ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಹೇಗಿರುತ್ತದೆ ಅಂತ ಗೊತ್ತಲ್ಲ, ಫೋಟೋಗೆ ಅಂತ ರಸ್ತೆ ಬಿಟ್ಟು ಹುಲ್ಲಿಗೆ ಇಳಿದರೆ ಇಂಬಳ ಕಾಲಿಗೇರುತ್ತವೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ಮಂಜು ಇರುವುದರಿಂದ ಹಿಂದೆ ಕೆಂಪು ಲೈಟ್ ಇರಲೇಬೇಕು. ಅದು ಹೈವೇ, ಬಸ್ಸುಗಳ ವೇಗ ನಿಮಗೆ ಗೊತ್ತೇ ಇದೆ. ಮಾತಾಡುತ್ತಾ ಪಕ್ಕಪಕ್ಕ ಹೋಗುವ ಆಸೆ ಆಗೇ ಆಗುತ್ತದೆ, ಆದರೂ ಒಬ್ಬರ ಹಿಂದೆ ಒಬ್ಬರು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವಳನ್ನು ಮುಂದೆ ಬಿಡಿ. ಅವಳು ಹಿಂದೆ ಉಳಿದರೆ ಸುಮ್ನೆ ಅವಸರ ಮಾಡಿಕೊಂಡು ಸುಸ್ತಾಗುತ್ತಾಳೆ.

ಈಗ ದುಡ್ಡು. ನಮ್ಮ ರೈಡ್ ಇದ್ದಿದ್ದು ಕ್ಯಾನ್ಸರ್ ರೋಗಿಗಳ ಓಡಾಟದ ಖರ್ಚಿಗೆ. ಇಲ್ಲಿಂದ ತುಂಬಾ ಜನ ಚಿಕಿತ್ಸೆಗೆ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾರೆ. ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನ, ಅದೂ ಹಲವು ವಾರ. ದಿನಾ ಹೋಗಿ ಬರಲು ಆಗುವುದಿಲ್ಲ, ಅಲ್ಲೇ ಉಳಿಯಬೇಕು. ಚಿಕಿತ್ಸೆಗೆ ಸರ್ಕಾರದ ಕಾರ್ಡ್ ಇದ್ದರೂ ಬಸ್ಸು, ರೂಮು, ಊಟ, ಜೊತೆಗೆ ಹೋದವರ ಕೂಲಿ ತಪ್ಪಿದ್ದು, ಇದೆಲ್ಲ ಮನೆಯವರ ಮೇಲೇ ಬೀಳುತ್ತದೆ. ಅರ್ಧಕ್ಕೇ ಬಿಟ್ಟು ಬರುವವರೂ ಇದ್ದಾರೆ.

ನಾವು ಮೊದಲು ವಾಟ್ಸಾಪಿನಲ್ಲಿ "ನಮ್ಮ ರೈಡಿಗೆ ಬೆಂಬಲಿಸಿ" ಅಂತ ಹಾಕಿದೆವು. ಹೂವಿನ ಸ್ಟಿಕ್ಕರ್, ಕೈ ಮುಗಿದ ಚಿತ್ರ, ಆಲ್ ದ ಬೆಸ್ಟ್ ಬಂತು. ದುಡ್ಡು ಬರಲಿಲ್ಲ. ಆಮೇಲೆ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ "ಒಬ್ಬರು ಮಣಿಪಾಲದಲ್ಲಿ ಒಂದು ವಾರ ಉಳಿಯುವ ಖರ್ಚು ಕೊಡಿ" ಅಂತ ಕೇಳಿದಾಗ ಜನ ಪರ್ಸಿಗೆ ಕೈ ಹಾಕಿದರು. ಸಂಬಂಧಿಕರೊಬ್ಬರು, ಒಳ್ಳೆಯ ಅಡಿಕೆ ತೋಟ ಇರುವವರು, ಕಾಫಿ ಕೊಟ್ಟು ಕೂರಿಸಿ, "ಅಲ್ಲ ಮಾರಾಯ್ತಿ, ನೀನು ಸೈಕಲ್ ಹೊಡೆದರೆ ಅವರ ಕಾಯಿಲೆ ಹೇಗೆ ವಾಸಿಯಾಗತ್ತೆ?" ಅಂದರು. "ವಾಸಿಯಾಗಲ್ಲ. ಆದರೆ ಸೈಕಲ್ ಹತ್ತದೇ ಇದ್ದಿದ್ದರೆ ನಾನು ನಿಮ್ಮ ಮನೆಗೆ ಬಂದು ಕೇಳ್ತಿರಲಿಲ್ಲ" ಅಂದೆ. ನಕ್ಕು ಕೊಟ್ಟರು. ಜುಗ್ಗ ಅಂತ ಊರಿಗೆಲ್ಲ ಗೊತ್ತಿರುವ ಮನುಷ್ಯ. ನನಗನಿಸಿದಂತೆ ಈ ರೈಡ್‌ಗಳ ಉಪಯೋಗ ಇಷ್ಟೇ, ಕೇಳಲು ಒಂದು ನೆಪ. ಮನೆ ಖರ್ಚಿಗೆ ಕೇಳುವುದಕ್ಕೇ ಹಿಂದೆಮುಂದೆ ನೋಡುವ ನಮ್ಮಂಥವರಿಗೆ ಆ ನೆಪ ಬೇಕಿತ್ತು.

ನೋಂದಣಿ ಶುಲ್ಕವೇ ದಾನ ಅಂದುಕೊಳ್ಳಬೇಡಿ. ಅದು ಟೀ ಶರ್ಟ್, ಮೆಡಲ್, ತಿಂಡಿ, ಆಂಬುಲೆನ್ಸಿಗೇ ಜಾಸ್ತಿ ಖರ್ಚಾಗುತ್ತದೆ, ಅದು ತಪ್ಪೇನಲ್ಲ. ದಾನದ ಹಣ ಬೇರೆ ಖಾತೆಗೆ ಹೋಗುತ್ತದಾ, ಆಮೇಲೆ ಲೆಕ್ಕ ತೋರಿಸುತ್ತಾರಾ ಅಂತ ಮೊದಲೇ ಕೇಳಿ. ಇನ್ನೊಂದು ಕಡೆ ನಾವು ಹೀಗೆ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ, ಅಲ್ಲಿಗೆ ಮತ್ತೆ ಹೋಗಲಿಲ್ಲ. ದೊಡ್ಡ ಮೊತ್ತ ಕೊಡುವವರು 80ಜಿ ರಸೀದಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯುವ ರಸೀದಿ ಕೇಳುತ್ತಾರೆ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಅಂಥವರಿಂದ ಯುಪಿಐ ಅಥವಾ ಚೆಕ್ ಮೂಲಕ ನೇರ ಸಂಸ್ಥೆಯ ಖಾತೆಗೇ ಹಾಕಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಇಲ್ಲ, ಅದನ್ನೂ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮಾರ್ಚ್‌ನಲ್ಲಿ ತೆರಿಗೆ ಲೆಕ್ಕದ ಹೊತ್ತಿಗೆ ಫೋನ್ ಮಾಡಿ ಜಗಳ ತೆಗೆಯುತ್ತಾರೆ.