ಆರೋಗ್ಯ ಪ್ರಶ್ನೋತ್ತರ: ನೀರು ಎಷ್ಟು, ಯಾವಾಗ, ಯಾರಿಗೆ?

ಪ್ರಶ್ನೆ: ನನಗೆ 42 ವರ್ಷ. ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿಯಾಗಿದ್ದೇನೆ. ಶಾಲೆಯ ಶೌಚಾಲಯದ ಸ್ಥಿತಿ ಹೇಳುವಂತಿಲ್ಲವಾದ್ದರಿಂದ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಐದರವರೆಗೆ ನೀರು ಮುಟ್ಟುವುದಿಲ್ಲ; ಮನೆಗೆ ಬಂದವಳೇ ಒಂದೂವರೆ ಲೀಟರ್ ಒಂದೇ ಸಲಕ್ಕೆ ಕುಡಿಯುತ್ತೇನೆ. ಈ ವರ್ಷ ಮೂರು ಬಾರಿ ಉರಿಮೂತ್ರವಾಯಿತು. ದಿನಕ್ಕೆ ನಾಲ್ಕು ಲೀಟರ್ ಕುಡಿಯಲೇಬೇಕೆಂದು ಯಜಮಾನರು ವಾಟ್ಸ್‌ಆ್ಯಪ್ ಸಂದೇಶ ತೋರಿಸುತ್ತಾರೆ. ಆದರೆ ಹೃದಯದ ತೊಂದರೆಯಿರುವ ನಮ್ಮ ಅತ್ತೆಗೆ ವೈದ್ಯರು ನೀರು ಕಡಿಮೆ ಮಾಡಿ ಎಂದಿದ್ದಾರೆ. ಯಾವುದು ಸರಿ? ಚಹಾ ಕೂಡ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ನಿಮ್ಮ ತೊಂದರೆ ನೀರಿನ ಪ್ರಮಾಣಕ್ಕಿಂತ ಹೊತ್ತಿನದು. ಏಳೆಂಟು ಗಂಟೆ ನೀರು ಕುಡಿಯದೆ, ಮೂತ್ರವನ್ನೂ ತಡೆದು ಕುಳಿತರೆ, ಮೂತ್ರಕೋಶದಲ್ಲಿ ನಿಂತ ಗಟ್ಟಿ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ. ಸಂಜೆ ಒಂದೇ ಸಲಕ್ಕೆ ಕುಡಿದದ್ದು ಈ ಕೊರತೆಯನ್ನು ತುಂಬುವುದಿಲ್ಲ. ರಕ್ತ ತೆಳುವಾದದ್ದನ್ನು ಮೆದುಳು ಗುರುತಿಸಿದೊಡನೆ ಮೂತ್ರಪಿಂಡಗಳು ಹೆಚ್ಚಾದ ನೀರನ್ನು ಹೊರಹಾಕತೊಡಗುತ್ತವೆ, ನಿಮಗೆ ಮೇಲಿಂದ ಮೇಲೆ ಬಚ್ಚಲುಮನೆಗೆ ಓಡಾಡುವ ಕೆಲಸವಾಗುತ್ತದೆ.

ಪದೇಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಧದಷ್ಟು ಮಂದಿ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದರು. ಒಂದು ವರ್ಷದಲ್ಲಿ ಅವರಿಗಾದ ಸೋಂಕು ಸರಾಸರಿ 1.7, ಉಳಿದವರಿಗೆ 3.2. ಆದ್ದರಿಂದ ಲೀಟರ್ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟುಕೊಂಡು, ಪ್ರತಿ ಪೀರಿಯಡ್ ಮುಗಿದಾಗ ನಾಲ್ಕಾರು ಗುಟುಕು ಕುಡಿಯಿರಿ. ಮಧ್ಯಾಹ್ನ ಒಮ್ಮೆಯಾದರೂ ಮೂತ್ರಕ್ಕೆ ಹೋಗಿ. ಶೌಚಾಲಯದ ವಿಷಯವನ್ನು ಸಹೋದ್ಯೋಗಿಗಳೊಂದಿಗೆ ಸೇರಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಲಿಖಿತವಾಗಿಯೇ ಎತ್ತಬೇಕು. ಮಕ್ಕಳಿಗೆ ನೀರು ಕುಡಿಯಲೆಂದು ಗಂಟೆ ಬಾರಿಸುವ ಪದ್ಧತಿ 2019ರಲ್ಲಿ ಕೇರಳದ ಶಾಲೆಗಳಿಂದ ನಮ್ಮಲ್ಲಿಗೂ ಬಂದಿತು. ಆ ಗಂಟೆ ಮೇಷ್ಟ್ರಿಗೂ ಟೀಚರಿಗೂ ಅನ್ವಯಿಸುವುದಿಲ್ಲವೆಂದು ಯಾರೂ ಹೇಳಿಲ್ಲ! ವರ್ಷದಲ್ಲಿ ಮೂರು ಬಾರಿ ಸೋಂಕಾಗಿರುವುದರಿಂದ ಮೂತ್ರದ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಇದೆಯೆಂದು ಬೆಳೆಸಿ ನೋಡುವುದು) ಮತ್ತು ರಕ್ತದ ಸಕ್ಕರೆ ಪರೀಕ್ಷೆಗಳನ್ನು ಮಾಡಿಸಿ. ಹಳೆಯ ಚೀಟಿಯ ಮಾತ್ರೆಯನ್ನೇ ಮತ್ತೆ ತರಿಸಿಕೊಳ್ಳಬೇಡಿ.

ಇನ್ನು ನಾಲ್ಕು ಲೀಟರಿನ ಮಾತು. ಇಂಥ ಸಂಖ್ಯೆಗಳ ಮೂಲವನ್ನು ಹಲವರು 1945ರ ಅಮೆರಿಕದ ಪೋಷಣಾ ಶಿಫಾರಸಿನಲ್ಲಿ ಕಾಣುತ್ತಾರೆ. ಅದು ಹೇಳಿದ್ದು ಎರಡೂವರೆ ಲೀಟರ್. ಅದರಲ್ಲಿ ಬಹುಪಾಲು ಆಹಾರದಲ್ಲೇ ಇರುತ್ತದೆ ಎಂಬ ಮುಂದಿನ ಸಾಲು ಮಾತ್ರ ಜನರ ಬಾಯಲ್ಲಿ ಉಳಿಯಲಿಲ್ಲ. ಬೆಂದ ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಆದರೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯಲ್ಲಿ ನೀರಿನಂಶ ತೀರಾ ಕಡಿಮೆ. ಅನ್ನ-ಸಾರು ಉಣ್ಣುವವರಿಗಿಂತ ಇವನ್ನು ಉಣ್ಣುವವರು ಕುಡಿಯಬೇಕಾದದ್ದು ಸ್ವಲ್ಪ ಹೆಚ್ಚೇ. ಸಾಮಾನ್ಯ ದಿನಗಳಲ್ಲಿ ನಿಮಗೆ ಎರಡರಿಂದ ಎರಡೂವರೆ ಲೀಟರ್ ಸಾಕು. ಪಾದರಸ 40 ಡಿಗ್ರಿ ದಾಟುವ ನಿಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಮತ್ತಷ್ಟು ಬೇಕು. ಮಜ್ಜಿಗೆ, ಅಂಬಲಿ, ಚಹಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ; ಚಹಾ ಕುಡಿದರೆ ಇದ್ದ ನೀರೂ ಹೋಗುತ್ತದೆಂಬುದು ಎರಡು-ಮೂರು ಕಪ್ಪಿನ ಮಟ್ಟಿಗೆ ನಿಜವಲ್ಲ. ಲೋಟ ಎಣಿಸುವ ಬದಲು ಮೂತ್ರದ ಬಣ್ಣ ನೋಡಿಕೊಳ್ಳಿ: ನಿಂಬೆ ಹಿಂಡಿದ ನೀರಿನಂತೆ ತೆಳು ಹಳದಿಯಿದ್ದರೆ ಸರಿ, ಜೇನಿನ ಬಣ್ಣಕ್ಕೆ ತಿರುಗಿದ್ದರೆ ಕಡಿಮೆಯಾಗಿದೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವ ದಿನಗಳಲ್ಲಿ ಈ ಗುರುತು ನಂಬುವಂತಿಲ್ಲ.

ನಿಮ್ಮ ಅತ್ತೆಯವರ ವಿಷಯ ಬೇರೆ. ದುರ್ಬಲ ಹೃದಯಕ್ಕೆ ಹೆಚ್ಚಿನ ನೀರನ್ನು ಸಾಗಿಸಲಾಗದಿದ್ದಾಗ ಅದು ಕಾಲಿನಲ್ಲಿ ಬಾವಾಗಿ, ಶ್ವಾಸಕೋಶದಲ್ಲಿ ಉಬ್ಬಸವಾಗಿ ಕಾಣಿಸಿಕೊಳ್ಳುತ್ತದೆ. ವೈದ್ಯರು ಹೇಳಿದಷ್ಟನ್ನೇ ಬೆಳಿಗ್ಗೆ ಒಂದು ಪಾತ್ರೆಯಲ್ಲಿ ಅಳೆದಿಟ್ಟು, ಚಹಾ-ಮಜ್ಜಿಗೆ ಕೊಟ್ಟಾಗ ಅಷ್ಟು ನೀರನ್ನು ಅದರಿಂದ ತೆಗೆದುಬಿಡಿ. ದಿನವೂ ತೂಕ ನೋಡಿ. ಎರಡು-ಮೂರು ದಿನಗಳಲ್ಲೇ ಎರಡು ಕಿಲೋ ಏರಿದರೆ ತಡಮಾಡದೆ ತೋರಿಸಿ. ಬೇಸಿಗೆಯಲ್ಲಿ ಈ ಮಿತಿ ಬದಲಾಗಬೇಕೇ ಎಂಬುದನ್ನೂ ಅವರ ವೈದ್ಯರನ್ನೇ ಕೇಳಿ.

ಪ್ರಶ್ನೆ: ಫುಟ್‌ಬಾಲ್ ಆಡಿ ಬಂದ ಮಗನಿಗೆ ದಿನವೂ ಒಆರ್‌ಎಸ್ ಕೊಡಬಹುದೇ? (ಬೆಂಗಳೂರು)

ಉತ್ತರ: ಬೇಕಿಲ್ಲ. ಒಂದು ಗಂಟೆಯ ಆಟಕ್ಕೆ ನೀರು, ಉಪ್ಪು ಹಾಕಿದ ಮಜ್ಜಿಗೆ ಸಾಕು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಒಆರ್‌ಎಸ್‌ನಂಥದ್ದೇ ಉಪ್ಪು-ಸಕ್ಕರೆಯ ದ್ರಾವಣದಿಂದ. ಒಆರ್‌ಎಸ್ ವಾಂತಿ-ಭೇದಿಗೆ ಕೊಡುವ ಔಷಧ, ಶರಬತ್ತಲ್ಲ. ಔಷಧ ಅಂಗಡಿಯ 20.5 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಹೆಸರಿನಲ್ಲಿ ಮಾತ್ರ ಒಆರ್‌ಎಸ್ ಎಂದಿದ್ದ ಸಿಹಿ ಪಾನೀಯಗಳು ಆ ಪದ ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಪೊಟ್ಟಣದ ಮೇಲೆ ಬರೆದಿದೆಯೇ ನೋಡಿ.