ಬರೆಸಲ್ಲ ಅಂದ್ರೆ ನೋಡ್ತೀನಿ

ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿರುವ ತಾಯಂದಿರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಒಂದಿದೆ: "ಇಷ್ಟೆಲ್ಲ ಮಾಡ್ತೀನಿ ಮೇಡಂ, ಮಗುವಿಗೆ ಆಸಕ್ತಿಯೇ ಇಲ್ಲ." ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ತಾಯಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ಪುಸ್ತಕ ಮತ್ತು ಪ್ರಕೃತಿಯ ಮೂಲಕ ಮನೆಯಲ್ಲೇ ಕಲಿಸೋಣ ಅಂತ ಗಂಡ ಹೆಂಡತಿ ಕೂಡಿ ತೀರ್ಮಾನಿಸಿದ್ದರು. ಕಲಿಸುವ ಕೆಲಸ ಮಾತ್ರ ಪೂರ್ತಿ ಹೆಂಡತಿಯ ಹೆಗಲಿಗೆ ಬಿದ್ದಿತ್ತು. ರಾತ್ರಿ ನಿದ್ದೆ ಬರುತ್ತಿಲ್ಲ, ಹಗಲು ಮಕ್ಕಳ ಮೇಲೆ ರೇಗುತ್ತೇನೆ ಅಂತ ಅವರು ನನ್ನ ಬಳಿ ಬಂದರು.

ಎರಡನೇ ಭೇಟಿಗೆ ಅವರು ವಾರದ ವೇಳಾಪಟ್ಟಿ ತಂದಿದ್ದರು. ಸೋಮವಾರ ಎಲೆ, ಮಂಗಳವಾರ ಹಕ್ಕಿ, ಬುಧವಾರ ಹುಳುಹುಪ್ಪಟೆ, ಗುರುವಾರ ಕಲ್ಲು ಮಣ್ಣು, ಶುಕ್ರವಾರ ಮೋಡ. ಪ್ರತಿಯೊಂದಕ್ಕೂ ಒಂದು ಪುಸ್ತಕ, ಒಂದು ಚಿತ್ರ, ಐದು ವಾಕ್ಯ. ಶನಿವಾರ ಎಲ್ಲದರ ಫೋಟೊ ತೆಗೆದು ನೆಂಟರ ಗ್ರೂಪಿಗೆ ಹಾಕುವುದು. ಶ್ರದ್ಧೆಯಿಂದ ಮಾಡಿದ ಪಟ್ಟಿ. ಅದನ್ನು ನಾನು ಪಕ್ಕಕ್ಕಿಟ್ಟು ಕೇಳಿದೆ: "ನೀವು ಹೇಳದೆ, ತಾನಾಗಿ ನಿಮ್ಮ ಮಗಳು ಏನನ್ನಾದರೂ ನೋಡ್ತಾ ಕೂತಿದ್ದು ಯಾವಾಗ?"

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಹಿಂದಿನ ಮಂಗಳವಾರ ಮಗಳು ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದಳು. ಸಾಲಿಗೆ ಅಡ್ಡಲಾಗಿ ಬೆರಳಿನಿಂದ ಒಮ್ಮೆ ಉಜ್ಜಿದಳು. ಇರುವೆಗಳು ಅಲ್ಲೇ ತಡವರಿಸಿ ಹಿಂದೆ ತಿರುಗಿದವು. "ಅಮ್ಮಾ, ಇವಕ್ಕೆ ದಾರಿ ಮರ್ತೇ ಹೋಯ್ತು!" ಅಂತ ಕೂಗಿದಳು. ಇವರು, "ಹುಳು ನಾಳೆ ಇದೆ ಪುಟ್ಟಿ, ಈಗ ಹಕ್ಕಿ ನೋಡೋಣ ಬಾ" ಅಂದರು. ಮರುದಿನ ಅದೇ ಗೋಡೆ ಹತ್ತಿರ ಕರೆದುಕೊಂಡು ಹೋದಾಗ ಮಗು ಕೈ ಕಟ್ಟಿ ನಿಂತು ಹೇಳಿತಂತೆ: "ಬರೆಸಲ್ಲ ಅಂದ್ರೆ ನೋಡ್ತೀನಿ."

ತಾಯಿ ಇದನ್ನು ನನಗೆ ಹೇಳಿದ್ದು ಮಗಳ ಸೋಮಾರಿತನಕ್ಕೆ ಉದಾಹರಣೆಯಾಗಿ. ಆ ಮಾತನ್ನು ಇನ್ನೊಮ್ಮೆ ಹೇಳಿ ಅಂದೆ. ಹೇಳುತ್ತಾ ಹೇಳುತ್ತಾ ಅವರ ಗಂಟಲು ಕಟ್ಟಿತು.

ಮಗು ಮಾಡಿದ್ದು ಏನು ಅಂತ ಇಬ್ಬರೂ ಕೂತು ಮಾತಾಡಿದೆವು. ಇರುವೆಗಳು ದಾರಿಯುದ್ದಕ್ಕೂ ವಾಸನೆಯ ಗುರುತು ಬಿಡುತ್ತವೆ, ಹಿಂದಿನವು ಅದನ್ನು ಹಿಡಿದು ಬರುತ್ತವೆ. ಉಜ್ಜಿದರೆ ಗುರುತು ಅಳಿಯುತ್ತದೆ. ಆರು ವರ್ಷದ ಮಗು ಯಾರೂ ಹೇಳಿಕೊಡದೆ ಒಂದು ಪ್ರಯೋಗ ಮಾಡಿ, ಫಲಿತಾಂಶವನ್ನೂ ಕೂಗಿ ಹೇಳಿತ್ತು! ಇದಕ್ಕೆ ಆಸಕ್ತಿ ಇಲ್ಲ ಅಂತ ಹೇಗೆ ಅನ್ನೋದು? ಇದ್ದ ಆಸಕ್ತಿಯ ಹಿಂದೆಯೇ ಬರವಣಿಗೆ ಬರುತ್ತದೆ ಅಂತ ಮಗು ಕಲಿತುಬಿಟ್ಟಿತ್ತು, ಅಷ್ಟೇ.

"ಹಾಗಾದ್ರೆ ನಾನೇ ಕೆಡಿಸಿದ್ನಾ ಮೇಡಂ?"

"ಇಲ್ಲ. ಈ ಪಟ್ಟಿ ಯಾರಿಗೋಸ್ಕರ ಮಾಡಿದ್ದು, ಅದನ್ನ ಮೊದಲು ಹೇಳಿ."

ಆಗ ಹೊರಗೆ ಬಂತು. ಫೋನ್ ಮಾಡಿದಾಗಲೆಲ್ಲ ಅತ್ತೆ "ಈ ವಾರ ಏನು ಕಲಿತ್ಲು?" ಅಂತ ಕೇಳುತ್ತಿದ್ದರು. ಕಾಳಜಿಯಿಂದಲೇ ಕೇಳುತ್ತಿದ್ದರು ಅನ್ನಿ. ಆದರೆ ಪ್ರತಿ ಸಲ ಇವರಿಗೆ ಪರೀಕ್ಷೆಗೆ ಕೂತ ಹಾಗೆ ಆಗುತ್ತಿತ್ತು. ಪಟ್ಟಿ ಹುಟ್ಟಿದ್ದು ಅಲ್ಲಿ.

ನಾನು ಕೊಟ್ಟ ಸಲಹೆ ಒಂದು ವಾರದ ಮಟ್ಟಿಗೆ. ಮಕ್ಕಳಿಂದ ಪ್ರಕೃತಿಯ ಬಗ್ಗೆ ಒಂದಕ್ಷರವೂ ಬರೆಸಬೇಡಿ, ಫೋಟೊ ಬೇಡ. ದಿನಕ್ಕೊಂದು ವಿಷಯ ಬೇಡ. ಒಂದೇ ಮರದ ಹತ್ತಿರ ದಿನಾ ಹೋಗಿ ಸುಮ್ನೆ ಕೂತ್ಕೊಳ್ಳಿ. ಮಗು ಕರೆದರೆ ಹೋಗಿ ನೋಡಿ, "ಇದರಿಂದ ಏನು ಕಲಿತೆ?" ಅಂತ ಕೇಳಬೇಡಿ. ಗಟ್ಟಿಯಾಗಿ ಓದಿ ಹೇಳಿ, ಅದೇ ಪುಸ್ತಕ ಮತ್ತೆ ಬೇಕು ಅಂದರೆ ಅದನ್ನೇ ಓದಿ. ಬರೆದಿಡಲೇಬೇಕು ಅನ್ನಿಸಿದರೆ ಮಕ್ಕಳು ಮಲಗಿದ ಮೇಲೆ ನೀವೇ ಎರಡು ಸಾಲು ಬರೆಯಿರಿ. ಅತ್ತೆಯ ಪ್ರಶ್ನೆಗೆ ಆ ವಾರ ಗಂಡನೇ ಉತ್ತರ ಕೊಡಲಿ, ಸಂಜೆ ಮಕ್ಕಳನ್ನು ಹೊರಗೆ ಕರೆದೊಯ್ಯುವುದೂ ಅವರೇ ಮಾಡಲಿ. ನಿದ್ದೆಗೆಟ್ಟ ತಾಯಿಗೆ ಬೇಕಾಗಿದ್ದು ಇನ್ನೊಂದು ಒಳ್ಳೆಯ ವೇಳಾಪಟ್ಟಿ ಅಲ್ಲ, ದಿನದಲ್ಲಿ ಒಂದಿಷ್ಟು ತನ್ನದೇ ಹೊತ್ತು.

ಈ ತಾಯಿ ನೆಚ್ಚಿಕೊಂಡಿದ್ದು ಷಾರ್ಲೆಟ್ ಮೇಸನ್ ಅವರ ಪದ್ಧತಿಯನ್ನು. ಮೇಸನ್ (1842–1923) ಬ್ರಿಟಿಷ್ ಶಿಕ್ಷಣ ಚಿಂತಕಿ. ಒಳ್ಳೆಯ ಪುಸ್ತಕ, ಪ್ರಕೃತಿಯ ಒಡನಾಟ, ಕೇಳಿದ್ದನ್ನು ಮಗು ತನ್ನ ಮಾತಲ್ಲಿ ಹೇಳುವುದು, ಇವು ಅವರ ಪದ್ಧತಿಯ ಮುಖ್ಯ ಅಂಶಗಳು. ಜನ ಇಷ್ಟನ್ನು ಹಿಡಿದುಕೊಳ್ಳುತ್ತಾರೆ, ಅವರೇ ಹಾಕಿದ ಮಿತಿಗಳನ್ನು ಬಿಡುತ್ತಾರೆ. ಚಿಕ್ಕ ಮಕ್ಕಳ ಪಾಠ 20 ನಿಮಿಷ ದಾಟಬಾರದು, ಆರು ವರ್ಷಕ್ಕೆ ಮುಂಚೆ ಕತೆ ತಿರುಗಿ ಹೇಳು ಅಂತ ಒತ್ತಾಯಿಸಬಾರದು, ಹವೆ ಚೆನ್ನಾಗಿದ್ದರೆ ದಿನಕ್ಕೆ ನಾಲ್ಕರಿಂದ ಆರು ಗಂಟೆ ಮಕ್ಕಳು ಹೊರಗಿರಬೇಕು ಅಂದವರೂ ಅವರೇ. ಈ ಮನೆಯಲ್ಲಿ ನಾಲ್ಕು ವರ್ಷದ ಮಗ ಕೂಡ ದಿನಾ ಕತೆ ಒಪ್ಪಿಸುತ್ತಿದ್ದ. ಹೊರಗಿನ ಹೊತ್ತು ಮಾತ್ರ ನೋಟ್‌ಬುಕ್ ತುಂಬುವಷ್ಟೇ.

ಇದು ಶಿಸ್ತಿಲ್ಲದ ಸಲಹೆ ಅಂತ ಒಬ್ಬ ಸಹೋದ್ಯೋಗಿ ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಅಕ್ಷರ ಕಲಿಕೆಯನ್ನು ನಾನು ಬಿಡಿಸಿಲ್ಲ. ದಿನಾ ಹತ್ತು ನಿಮಿಷ, ಒಂದೇ ಹೊತ್ತಿಗೆ, ಆರು ವರ್ಷದವಳಿಗೆ ಅಕ್ಷರ ಮತ್ತು ಅದರ ಧ್ವನಿಯನ್ನು ನೇರವಾಗಿ ಹೇಳಿಕೊಡಿ ಅಂದಿದ್ದೆ. ಓದುವುದು ಮಾತಿನ ಹಾಗೆ ತಾನಾಗಿ ಬರುವುದಿಲ್ಲ, ಹೆಚ್ಚಿನ ಮಕ್ಕಳಿಗೆ ಕಲಿಸಲೇಬೇಕು. ಆದರೆ ಇರುವೆ ನೋಡುವ ಹೊತ್ತನ್ನೂ ಬರವಣಿಗೆ ಅಭ್ಯಾಸಕ್ಕೆ ಬಳಸಿದರೆ ಎರಡೂ ಕೆಡುತ್ತವೆ. "ಸ್ಕೂಲಿಗೆ ಹಾಕಿ ಅಂತ ಯಾಕೆ ಹೇಳಲಿಲ್ಲ?" ಅಂತಲೂ ಕೇಳಿದರು. ಆ ತಾಯಿ ಕೇಳಿದ್ದು ಅದನ್ನಲ್ಲ. ಇದೇ ಒತ್ತಡ ಇಟ್ಟುಕೊಂಡು ಸ್ಕೂಲಿಗೆ ಕಳಿಸಿದರೆ ಸಂಜೆ ಹೋಮ್‌ವರ್ಕ್ ಹೊತ್ತಿಗೆ ಮತ್ತೆ ಅದೇ ಜಗಳ ಅಲ್ವಾ?

ವಾರದ ಮೊದಲ ದಿನಗಳು ತಾಯಿಗೇ ಜಾಸ್ತಿ ಕಷ್ಟವಾದವು. "ಏನೂ ಮಾಡ್ತಿಲ್ಲ ಅನ್ನಿಸುತ್ತೆ" ಅಂತ ಮೆಸೇಜ್ ಮಾಡಿದರು. ವಾರದ ಕೊನೆಗೆ ಮಗಳು, ಯಾರೂ ಹೇಳದೆಯೇ, ಒಂದು ಬಸವನಹುಳುವಿನ ಚಿತ್ರ ಬಿಡಿಸಿದ್ದಳು, ಅದನ್ನು ಗ್ರೂಪಿಗೆ ಹಾಕಲಿಲ್ಲ. ನಿದ್ದೆ ಸ್ವಲ್ಪ ಸುಧಾರಿಸಿದೆ. ಅತ್ತೆಯ ಜೊತೆಗಿನ ಮಾತು ಇನ್ನೂ ಸರಿಹೋಗಿಲ್ಲ, ಅದರ ಬಗ್ಗೆ ನಮ್ಮ ಭೇಟಿಗಳು ಮುಂದುವರಿದಿವೆ.

ಇದೇ ಸ್ಥಿತಿಯಲ್ಲಿರುವ ಬೇರೆಯವರಿಗೆ ಒಂದು ಎಚ್ಚರಿಕೆ. ಮಗು ಹೊರಗೆ ಖುಷಿಯಾಗಿ ಎಲ್ಲ ನೋಡುತ್ತೆ, ಆದರೆ ತಿಂಗಳುಗಟ್ಟಲೆ ಹೇಳಿಕೊಟ್ಟರೂ ಅಕ್ಷರ ನೆನಪಿಟ್ಟುಕೊಳ್ಳುತ್ತಿಲ್ಲ, ಧ್ವನಿ ಕೂಡಿಸಲು ಒದ್ದಾಡುತ್ತಿದೆ ಅಂತಾದರೆ ನನ್ನ ಈ ಸಲಹೆ ಸಾಲದು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಕಲಿಕೆಯ ತೊಂದರೆ ಇದೆಯೇ ಅಂತ ತಜ್ಞರಿಗೆ ತೋರಿಸಿ. ಮನೆಯಲ್ಲಿ ಹೋಲಿಸಿ ನೋಡಲು ಬೇರೆ ಮಕ್ಕಳು ಇರುವುದಿಲ್ಲ, ಹಾಗಾಗಿ ಇಂಥದ್ದು ತಡವಾಗಿ ಗೊತ್ತಾಗುತ್ತದೆ.